ಮಲೆನಾಡಿನ ದಾರಿಯಲ್ಲಿ ವಿದ್ಯುತ್ ಮೋಟಾರು ಸೈಕಲ್ಲು

ಈ ವರ್ಷ ನಮ್ಮ ಸಂಘದ ಆರು ಮಂದಿ ಸದಸ್ಯರು ವಿದ್ಯುತ್ತಿನಿಂದ ಓಡುವ ಮೋಟಾರು ಸೈಕಲ್ಲು ಅಥವಾ ಸ್ಕೂಟರು ಕೊಳ್ಳುವುದಕ್ಕೆ ಸಾಲ ಬೇಕೆಂದು ಅರ್ಜಿ ಕೊಟ್ಟಿದ್ದಾರೆ. ಅರ್ಜಿಗಳು ಎರಡು ಸಲ ಆಡಳಿತ ಮಂಡಳಿಯ ಮುಂದೆ ಬಂದು, ಎರಡು ಸಲವೂ ತೀರ್ಮಾನವಾಗದೆ ಉಳಿದವು. ಪೆಟ್ರೋಲ್ ಗಾಡಿಯ ವಿಷಯದಲ್ಲಾದರೆ ಯಾರಿಗೂ ಸಂಶಯವಿಲ್ಲ. ಸಾಲ ತೀರುವ ತನಕ ಗಾಡಿ ಓಡುತ್ತದೆ, ಓಡದೆ ನಿಂತರೂ ನಾಲ್ಕು ಕಾಸು ಹುಟ್ಟುತ್ತದೆ. ಇದು ಹೊಸ ಜಾತಿಯ ಗಾಡಿ. ಕಡೆಗೆ ಅಧ್ಯಕ್ಷರು, "ಕಾರ್ಯದರ್ಶಿಗಳು ಮಾರ್ಚಿ ತಿಂಗಳಿನಿಂದ ಅದರಲ್ಲೇ ಓಡಾಡುತ್ತಿದ್ದಾರಲ್ಲ, ಅವರು ಕಂಡದ್ದನ್ನು ಪತ್ರಿಕೆಯಲ್ಲಿ ಬರೆಯಲಿ. ಒಳ್ಳೆಯದನ್ನಷ್ಟೇ ಅಲ್ಲ, ಎಲ್ಲವನ್ನೂ ಬರೆಯಲಿ" ಎಂದರು. ಆ ಕಾರಣದಿಂದ ಈ ಲೇಖನ.

ನಾವು ಗಾಡಿ ಕೊಂಡದ್ದು 2025ರ ಮಾರ್ಚಿಯಲ್ಲಿ. ಹನ್ನೊಂದು ವರ್ಷದ ಹಳೆಯ ಪೆಟ್ರೋಲ್ ಗಾಡಿ ಇಂಜಿನ್ ಕೆಲಸ ಬೇಡುತ್ತಿತ್ತು. ಬೆಂಗಳೂರಿನಲ್ಲಿರುವ ಮಗ ಬೇರೆ ಪ್ರತಿ ಸಲ ಊರಿಗೆ ಬಂದಾಗಲೂ ಅದರ ಹೊಗೆಯನ್ನು ನೋಡಿ ಮೂಗು ಮುರಿಯುತ್ತಿದ್ದ. ತಯಾರಕರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ನಮ್ಮ ಒಂದು ಗಾಡಿಯ ಗುಣದೋಷಗಳಿಂದ ಒಂದು ಕಂಪೆನಿಯನ್ನು ಹೊಗಳುವುದೂ ತೆಗಳುವುದೂ ಸರಿಯಲ್ಲ. ಬ್ಯಾಟರಿಯ ಅಳತೆ ಸುಮಾರು 3.2 ಯೂನಿಟ್ಟು, ಗಾಡಿಯ ತೂಕ 110 ಕಿಲೋ, ರಸ್ತೆಗೆ ಇಳಿಯುವಾಗ ಆದ ಒಟ್ಟು ಖರ್ಚು 1 ಲಕ್ಷದ 58 ಸಾವಿರ. ತೋಟದ ಮನೆಯಿಂದ ಸಂಘದ ಕಚೇರಿಗೆ 19 ಕಿಲೋಮೀಟರು. ಮನೆ ಮೇಲೆ, ಕಚೇರಿ ಕೆಳಗೆ. ನಡುವೆ ಸುಮಾರು 180 ಮೀಟರು ಇಳುಕಲು, ಎರಡು ಹಳ್ಳ, ಒಂದೂವರೆ ಕಿಲೋಮೀಟರು ಮಣ್ಣು ರಸ್ತೆ. ವಾರಕ್ಕೆ ಆರು ದಿನ ಇದೇ ದಾರಿ.

ಮೊದಲು ಯೂನಿಟ್ಟು ಎಂದರೇನೆಂದು ತಿಳಿಯುವುದು ಒಳ್ಳೆಯದು. ಈ ಗಾಡಿಯ ಮರ್ಮವೆಲ್ಲ ಅದರಲ್ಲೇ ಇದೆ. ನಮ್ಮ ಮನೆಯ ಮೀಟರಿನಲ್ಲಿ ಓಡುವ ಯೂನಿಟ್ಟೇ ಇದು: ಸಾವಿರ ವಾಟಿನ ಹೀಟರನ್ನು ಒಂದು ಗಂಟೆ ಉರಿಸಿದರೆ ಒಂದು ಯೂನಿಟ್ಟು. ಒಂದು ಲೀಟರು ಪೆಟ್ರೋಲಿನಲ್ಲಿ ಇಂಥ ಸುಮಾರು 9 ಯೂನಿಟ್ಟಿನಷ್ಟು ಶಕ್ತಿ ಅಡಗಿದೆ. ಹಾಗೆಂದ ಮೇಲೆ ನಮ್ಮ ಗಾಡಿಯ ಬ್ಯಾಟರಿ ಪೂರ್ತಿ ತುಂಬಿದಾಗ ಅದರಲ್ಲಿರುವುದು ಲೀಟರಿನ ಮೂರನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಪೆಟ್ರೋಲಿನ ಶಕ್ತಿ, ಅಷ್ಟೆ! ಅಷ್ಟರಲ್ಲಿ ತೊಂಬತ್ತು ಕಿಲೋಮೀಟರು ಓಡುವುದು ಹೇಗೆ? ಅಡಿಕೆ ಬೇಯಿಸುವ ಒಲೆಯನ್ನು ನೆನೆಸಿಕೊಳ್ಳಿ. ನಾವು ಹಾಕುವ ಸೌದೆಯ ಕಾವಿನಲ್ಲಿ ಹಂಡೆಗೆ ತಾಗುವುದು ಸ್ವಲ್ಪ, ಗೋಡೆಗೂ ಗಾಳಿಗೂ ಹೋಗುವುದೇ ಹೆಚ್ಚು. ಪೆಟ್ರೋಲ್ ಇಂಜಿನ್ನೂ ಹಾಗೆಯೇ; ಶಕ್ತಿಯ ಮುಕ್ಕಾಲು ಪಾಲು ಶಾಖವಾಗಿ ಸೈಲೆನ್ಸರಿನಿಂದಲೂ ಇಂಜಿನ್ ಮೈಯಿಂದಲೂ ಹೊರಟುಹೋಗುತ್ತದೆ. ವಿದ್ಯುತ್ ಮೋಟಾರು ಕೊಟ್ಟದ್ದರಲ್ಲಿ ಬಹುಪಾಲನ್ನು ಚಕ್ರಕ್ಕೆ ಒಪ್ಪಿಸುತ್ತದೆ. ಹತ್ತೊಂಬತ್ತು ಕಿಲೋಮೀಟರು ಓಡಿಸಿ ಇಳಿದು ಮೋಟಾರನ್ನು ಕೈಯಿಂದ ಮುಟ್ಟಿದರೆ ಕಾಫಿ ಲೋಟದಷ್ಟೂ ಬಿಸಿ ಇರುವುದಿಲ್ಲ.

ಓಡಿಸುವ ಕ್ರಮಕ್ಕೆ ಕೈ ಹದವಾಗಲು ನಮಗೆ ಹದಿನೈದು ದಿನ ಹಿಡಿಯಿತು. ಕಿಕ್ಕರಿಲ್ಲ, ಕ್ಲಚ್ಚಿಲ್ಲ, ಗೇರಿಲ್ಲ. ಮೂವತ್ತು ವರ್ಷದ ಅಭ್ಯಾಸದಿಂದ ಎಡಗೈ ಬೆರಳು ತಾನಾಗಿ ಕ್ಲಚ್ಚನ್ನು ಹುಡುಕುತ್ತದೆ. ಪೆಟ್ರೋಲ್ ಇಂಜಿನ್ನಿಗೆ ಬಲ ಬರಬೇಕಾದರೆ ಅದು ಜೋರಾಗಿ ತಿರುಗುತ್ತಿರಬೇಕು. ವಿದ್ಯುತ್ ಮೋಟಾರಿಗೆ ನಿಂತಲ್ಲಿಂದಲೇ ಪೂರ್ತಿ ಬಲ. ಡಾಂಬರಿನ ಮೇಲೆ ಇದು ಸುಖ. ತೋಟದ ಏರಿನಲ್ಲಿ, ಗೊಬ್ಬರದ ಮೂಟೆ ಹಿಂದಿಟ್ಟುಕೊಂಡು ಹೊರಟರೂ ಗಾಡಿ ಉಸ್ಸೆನ್ನದು. ಆದರೆ ಜೂನ್ ತಿಂಗಳ ಕೆಸರಿನಲ್ಲಿ ಆಕ್ಸಿಲರೇಟರನ್ನು ಒಂದೆಳೆ ಹೆಚ್ಚು ತಿರುವಿದರೂ ಹಿಂದಿನ ಚಕ್ರ ನಿಂತಲ್ಲೇ ಗಿರ್ರೆಂದು ತಿರುಗಿ ಗಾಡಿ ಅಡ್ಡಕ್ಕೆ ಜಾರುತ್ತದೆ. ಎರಡು ಸಲ ಬಿದ್ದೆವು. ಪಂಚೆ ಹೋಯಿತು, ಮೊಣಕಾಲು ಉಳಿಯಿತು. ಕಡಿಮೆ ಬಲದ ಓಟಕ್ಕೆಂದು ಒಂದು ಗುಂಡಿ ಇರುತ್ತದೆ. ಮಣ್ಣು ರಸ್ತೆಗೆ ಬಂದ ಕೂಡಲೇ ಅದನ್ನು ಒತ್ತತಕ್ಕದ್ದು.

ಇಳಿಜಾರಿನ ವಿಷಯ ಇನ್ನೂ ಸೂಕ್ಷ್ಮವಾದದ್ದು, ಮಾರುವವರು ಇದನ್ನು ಬಿಡಿಸಿ ಹೇಳುವುದಿಲ್ಲ. ಹಿಂದೆ ಸೈಕಲ್ಲಿಗೆ ಡೈನಮೋ ಇರುತ್ತಿತ್ತು, ಹಿರಿಯರಿಗೆ ನೆನಪಿರಬಹುದು. ಅದನ್ನು ಟೈರಿಗೆ ತಾಗಿಸಿದ ಕೂಡಲೇ ದೀಪ ಹೊತ್ತುತ್ತಿತ್ತು, ತುಳಿಯುವುದೂ ಭಾರವಾಗುತ್ತಿತ್ತು. ಇಲ್ಲಿ ನಡೆಯುವುದೂ ಅದೇ. ಇಳಿಯುವಾಗ ಕೈ ಸಡಿಲಿಸಿದರೆ ಮೋಟಾರೇ ಡೈನಮೋ ಆಗಿ, ಹುಟ್ಟಿದ ವಿದ್ಯುತ್ತನ್ನು ಬ್ಯಾಟರಿಗೆ ತುಂಬುತ್ತ, ಗಾಡಿಯನ್ನು ಹಿಂದಕ್ಕೆ ಹಿಡಿಯುತ್ತದೆ. ಪೆಟ್ರೋಲ್ ಗಾಡಿಯನ್ನು ಎರಡನೆಯ ಗೇರಿನಲ್ಲಿ ಘಾಟಿ ಇಳಿಸಿದಂತೆ. ಇದನ್ನು ನಾವು ಪುಸ್ತಕದಲ್ಲಿ ಓದಿಕೊಂಡಿದ್ದೆವು. ಕೊಂಡ ಎರಡನೆಯ ದಿನ ರಾತ್ರಿ ಮನೆಯಲ್ಲಿ ಪೂರ್ತಿ ಚಾರ್ಜು ಮಾಡಿ, ಬೆಳಿಗ್ಗೆ ಇಬ್ಬನಿ ಹಿಡಿದ ರಸ್ತೆಯಲ್ಲಿ ಇಳಿಯತೊಡಗಿದರೆ ಗಾಡಿ ಹಿಡಿತವೇ ಇಲ್ಲದೆ ಕಲ್ಲುಗುಂಡಿನಂತೆ ಉರುಳಿತು. ಬ್ರೇಕನ್ನೇ ನಂಬಿ ಹೇಗೋ ಮೊದಲ ತಿರುವು ದಾಟಿದೆವು. ಗಾಡಿ ಕೆಟ್ಟಿದೆಯೆಂದು ಫೋನು ಮಾಡಿ ಕೂಗಾಡಿದ್ದೂ ಆಯಿತು. ಕೆಟ್ಟಿರಲಿಲ್ಲ. ತುಂಬಿದ ಹಂಡೆಗೆ ಮತ್ತೆ ನೀರು ಹಿಡಿಸುವುದಿಲ್ಲ. ಬ್ಯಾಟರಿ ನೂರಕ್ಕೆ ನೂರು ತುಂಬಿದ್ದಾಗ ಡೈನಮೋದ ವಿದ್ಯುತ್ತಿಗೆ ಅಲ್ಲಿ ಜಾಗವಿಲ್ಲ, ಆದುದರಿಂದ ಆ ಹಿಡಿತವನ್ನು ಗಾಡಿ ತಾನೇ ಬಿಟ್ಟುಬಿಡುತ್ತದೆ. ಬಯಲುಸೀಮೆಯವರಿಗೆ ಇದು ಗೊತ್ತೇ ಆಗದು. ಗುಡ್ಡದ ತಲೆಯ ಮೇಲೆ ಮನೆ ಇರುವ ನಮ್ಮಂಥವರಿಗೆ ಇದು ಕೈಕಾಲಿನ ಪ್ರಶ್ನೆ. ಮನೆಯಲ್ಲಿ ಚಾರ್ಜು ಮಾಡುವವರು ತೊಂಬತ್ತಕ್ಕೇ ನಿಲ್ಲಿಸಬೇಕು. ಅದಕ್ಕಿಂತ ಒಳ್ಳೆಯದು, ಸಾಧ್ಯವಿದ್ದರೆ, ದಾರಿಯ ಕೆಳತುದಿಯಲ್ಲಿ ಚಾರ್ಜು ಮಾಡುವುದು. ಏರುವಾಗ ತುಂಬಿದ ಬ್ಯಾಟರಿ, ಇಳಿಯುವಾಗ ಜಾಗವಿರುವ ಬ್ಯಾಟರಿ.

ಎಷ್ಟು ದೂರ ಓಡುತ್ತದೆ ಎಂಬುದೇ ಎಲ್ಲರ ಮೊದಲ ಪ್ರಶ್ನೆ. ಕಂಪೆನಿಯ ಕಾಗದದಲ್ಲಿ 150 ಎಂದು ಅಚ್ಚಾಗಿದೆ. ನಮ್ಮ ದಾರಿಯಲ್ಲಿ ಕೆಳಗೆ ಹೋಗಲು ಶೇಕಡಾ 16, ಮೇಲೆ ಬರಲು ಶೇಕಡಾ 24 ಖರ್ಚಾಗುತ್ತದೆ. ಹೋಗಿ ಬರುವ 38 ಕಿಲೋಮೀಟರಿಗೆ ಶೇಕಡಾ 40 ಆದರೆ ನೂರಕ್ಕೆ 95 ಕಿಲೋಮೀಟರು ಎಂದಾಯಿತು. ಯಾರಾದರೂ ತಮ್ಮ ದಾರಿಗೆ ಲೆಕ್ಕ ಹಾಕಿಕೊಳ್ಳಬೇಕೆಂದರೆ ಒಂದು ಸುಲಭ ಕ್ರಮವಿದೆ. ಗಾಡಿ ಸವಾರ ಸೇರಿ 185 ಕಿಲೋ ತೂಕವನ್ನು ನೂರು ಮೀಟರು ಎತ್ತರಕ್ಕೆ ಏರಿಸಲು ಬೇಕಾಗುವ ವಿದ್ಯುತ್ತು, ಸಮತಟ್ಟು ರಸ್ತೆಯಲ್ಲಿ ಎರಡು ಕಿಲೋಮೀಟರು ಓಡಲು ಬೇಕಾದಷ್ಟು. ಆದ್ದರಿಂದ ದಾರಿಯ ಉದ್ದಕ್ಕೆ ಪ್ರತಿ ನೂರು ಮೀಟರು ಏರಿಗೆ ಎರಡೆರಡು ಕಿಲೋಮೀಟರು ಕೂಡಿಸಿಕೊಳ್ಳಿ. ಹಿಂದೆ ಒಬ್ಬರು ಕೂತರೆ ಮೂರರಂತೆ ಕೂಡಿಸಿ. ಆಗುಂಬೆ ಘಾಟಿಯ ಏರು ಐನೂರು ಮೀಟರಿಗೂ ಮೇಲು. ಅಂದರೆ ಒಬ್ಬರೇ ಹೋದರೂ ಹತ್ತು ಹನ್ನೊಂದು ಕಿಲೋಮೀಟರು ಹೆಚ್ಚಿಗೆ ಓಡಿದ ಲೆಕ್ಕ. ಇಳಿಯುವಾಗ ಅದೆಲ್ಲ ವಾಪಸು ಬರುತ್ತದೆ ಎಂದು ಅಂಗಡಿಯಲ್ಲಿ ಹೇಳುತ್ತಾರೆ. ನಂಬಬೇಡಿ. ನಮ್ಮ ಅನುಭವದಲ್ಲಿ ಅರ್ಧವೂ ಬರುವುದಿಲ್ಲ.

ಈ ಲೆಕ್ಕ ನಮಗೆ ಮೊದಲೇ ಗೊತ್ತಿದ್ದರೆ ಏಪ್ರಿಲ್‌ನಲ್ಲಿ ಚಿಕ್ಕಮಗಳೂರಿಗೆ ಅದರಲ್ಲಿ ಹೊರಡುತ್ತಿರಲಿಲ್ಲ. ಕೊಪ್ಪದಿಂದ ಬಾಳೆಹೊನ್ನೂರು, ಆಲ್ದೂರು ಮೇಲಾಗಿ ಸುಮಾರು ಎಂಬತ್ತು ಕಿಲೋಮೀಟರು. ತೊಂಬತ್ತೈದು ಓಡುವ ಗಾಡಿಗೆ ಎಂಬತ್ತೇನು ಮಹಾ ಎಂದುಕೊಂಡೆವು. ಆಲ್ದೂರಿನ ಕಡೆಗೆ ದಾರಿ ಏರುತ್ತ ಏರುತ್ತ ಬ್ಯಾಟರಿಯ ಅಂಕಿ ಕರಗುವುದನ್ನು ಕಂಡು ಎದೆ ಹೊಡೆದುಕೊಳ್ಳತೊಡಗಿತು. ದೈವವಶಾತ್ ಆ ಊರಿನ ಹತ್ತಿರವೇ ಷಡ್ಡಕರ ಮನೆ. ಶೇಕಡಾ 22 ಉಳಿದಿರುವಾಗ ಅವರ ಅಂಗಳ ಹೊಕ್ಕೆವು. "ಏನು ಭಾವ, ಹೇಳದೆ ಕೇಳದೆ!" ಎಂದರು. "ಕರೆಂಟಿಗೆ ಬಂದೆ" ಎಂದೆವು. ಎರಡೂವರೆ ಗಂಟೆ ಗಾಡಿ ಕರೆಂಟು ಕುಡಿಯಿತು. ನಮಗೆ ಊಟ, ಎಲೆ ಅಡಿಕೆ, ಮತ್ತೊಂದು ಸಲ ಕಾಫಿ ಆಯಿತು. ಚಿಕ್ಕಮಗಳೂರಿನ ಸಭೆಗೆ ಹೋಗಿ ಮುಟ್ಟುವಾಗ ವಂದನಾರ್ಪಣೆ ನಡೆಯುತ್ತಿತ್ತು. ದೂರದ ಊರಿಗೆ ಈಗ ಬಸ್ಸಿನಲ್ಲೇ ಹೋಗುತ್ತೇವೆ. ಈ ಗಾಡಿ ದಿನದ ಗೊತ್ತಿರುವ ದಾರಿಗೆ ಹೇಳಿದ್ದು.

ಇನ್ನು ದುಡ್ಡಿನ ಮಾತು. ನಾವು ಚಾರ್ಜರಿಗೆ ಪ್ರತ್ಯೇಕ ಮೀಟರು ಹಾಕಿಸಿದ್ದೇವೆ. ಬ್ಯಾಟರಿಗೆ ಒಂದು ಯೂನಿಟ್ಟು ಸೇರಬೇಕಾದರೆ ಗೋಡೆಯಿಂದ ಒಂದಕ್ಕಿಂತ ಹೆಚ್ಚೇ ಹೋಗುತ್ತದೆ, ಚಾರ್ಜರು ಬಿಸಿಯಾಗುವುದರಲ್ಲಿ ಸ್ವಲ್ಪ ಸೋರುತ್ತದೆ. ದಿನಕ್ಕೆ ಒಂದೂವರೆ ಯೂನಿಟ್ಟು, ತಿಂಗಳಿಗೆ 25 ದಿನಕ್ಕೆ 38 ಯೂನಿಟ್ಟು ಬರುತ್ತದೆ. ತೆರಿಗೆ, ಸರ್‌ಚಾರ್ಜು ಎಲ್ಲ ಸೇರಿ ಯೂನಿಟ್ಟಿಗೆ 7 ರೂಪಾಯಿ ಎಂದು ಹಿಡಿದರೆ ತಿಂಗಳಿಗೆ 266 ರೂಪಾಯಿ. ಇದೇ 950 ಕಿಲೋಮೀಟರಿಗೆ ಹಳೆಯ ಗಾಡಿ ಲೀಟರಿಗೆ ಐವತ್ತರಂತೆ 19 ಲೀಟರು ಪೆಟ್ರೋಲು ಕುಡಿಯುತ್ತಿತ್ತು. ಲೀಟರಿಗೆ ನೂರು ರೂಪಾಯಿ ದಾಟಿರುವ ಈ ಕಾಲದಲ್ಲಿ ಅದು ಸಾವಿರದ ಒಂಬೈನೂರಕ್ಕೂ ಮೇಲೆ. ಇಂಜಿನ್ ಆಯಿಲ್ ಬದಲಾಯಿಸುವ ಖರ್ಚೂ ಇಲ್ಲ. ವರ್ಷಕ್ಕೆ ಇಪ್ಪತ್ತು ಸಾವಿರದ ಹತ್ತಿರ ಉಳಿತಾಯ ಎನ್ನಬಹುದು.

ಆದರೆ ಇದರಲ್ಲಿ ಒಂದು ಗುಂಡಿ ಇದೆ, ನಾವು ಅದರಲ್ಲಿ ಬಿದ್ದೆವು. ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆ 2023ರಲ್ಲಿ ಜಾರಿಗೆ ಬಂದದ್ದು ಎಲ್ಲರಿಗೂ ಗೊತ್ತು. ಹಿಂದಿನ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿದಷ್ಟು ವಿದ್ಯುತ್ತು ಪುಕ್ಕಟೆ. ಅದನ್ನು ಮೀರಿ 200 ಯೂನಿಟ್ಟಿನ ಒಳಗಿದ್ದರೆ ಮೀರಿದ್ದಕ್ಕೆ ಮಾತ್ರ ಹಣ. 200 ದಾಟಿತೋ, ಪೂರ್ತಿ ಬಿಲ್ಲು ನಮ್ಮ ತಲೆಗೆ. ನಮ್ಮ ಮನೆಯ ಬಳಕೆ ತಿಂಗಳಿಗೆ 170ರ ಆಸುಪಾಸು. ಗಾಡಿಯ 38 ಸೇರಿ ಮೇ ತಿಂಗಳಲ್ಲಿ 208 ಆಯಿತು. ಶೂನ್ಯ ಬರೆದು ಬರುತ್ತಿದ್ದ ಬಿಲ್ಲು ಸಾವಿರದ ಐನೂರು ದಾಟಿ ಬಂತು. ಮನೆಯವರು ಅದನ್ನು ಗಾಡಿಯ ಹ್ಯಾಂಡಲಿಗೆ ಸಿಕ್ಕಿಸಿಟ್ಟಿದ್ದರು, ಬೇರೇನೂ ಹೇಳಲಿಲ್ಲ. ಅರ್ಜಿ ಕೊಟ್ಟಿರುವ ಆರೂ ಮಂದಿ ಮೊದಲು ತಮ್ಮ ಹಿಂದಿನ ಒಂದು ವರ್ಷದ ಬಿಲ್ಲುಗಳನ್ನು ತೆಗೆದು ನೋಡುವುದು ಒಳ್ಳೆಯದು. ಹಾಗೆಂದು ಪಂಪುಸೆಟ್ಟಿನ ಲೈನಿಗೆ ಚಾರ್ಜರು ಸಿಕ್ಕಿಸುವ ಉಪಾಯ ಮಾತ್ರ ಬೇಡ. ಅದು ನೀರಾವರಿಗೆಂದು ಕೊಟ್ಟ ಸಂಪರ್ಕ.

ನಾವು ಆ ಮೇಲೆ ಚಾರ್ಜು ಮಾಡುವುದನ್ನು ಕಚೇರಿಗೆ ಬದಲಾಯಿಸಿದೆವು. ಕೆಳತುದಿಯೂ ಆಯಿತು, ಗೃಹಜ್ಯೋತಿಯೂ ಉಳಿಯಿತು. ಸಂಘದ ಕರೆಂಟಿನಲ್ಲಿ ಕಾರ್ಯದರ್ಶಿ ಗಾಡಿ ಓಡಿಸುತ್ತಾರೆಂದು ಒಬ್ಬಿಬ್ಬರು ಆಡಿಕೊಂಡದ್ದು ಕಿವಿಗೆ ಬಿದ್ದಿದೆ. ಆಡಿಕೊಂಡದ್ದು ನ್ಯಾಯವೇ, ಸಂಘದ ಹಣವನ್ನು ಹೀಗೆಯೇ ಕಾಯಬೇಕು. ಮೀಟರನ್ನು ಕಚೇರಿಯ ಜಗಲಿಗೆ ಬದಲಾಯಿಸಿದ್ದೇವೆ, ತಿಂಗಳ ಒಂದನೆಯ ತಾರೀಖು ಗುಮಾಸ್ತರು ಅಂಕಿ ಬರೆದುಕೊಂಡು ಕಚೇರಿಯ ದರದಲ್ಲಿ ರಸೀದಿ ಹರಿಯುತ್ತಾರೆ. ಮನೆಯ ದರಕ್ಕಿಂತ ಅದು ಸ್ವಲ್ಪ ಹೆಚ್ಚೇ. ರಸೀದಿ ಪುಸ್ತಕವನ್ನು ಯಾರು ಬೇಕಾದರೂ ನೋಡಬಹುದು.

ಕೊಳ್ಳುವ ಬೆಲೆಯಲ್ಲಿ ಕೇಂದ್ರ ಸರ್ಕಾರದ ಸಬ್ಸಿಡಿಯನ್ನು ನೆಚ್ಚಿಕೊಳ್ಳುವ ಕಾಲ ಹೋಯಿತು. ಬ್ಯಾಟರಿಯ ಪ್ರತಿ ಯೂನಿಟ್ಟು ಅಳತೆಗೆ 2021ರಲ್ಲಿ 15,000 ರೂಪಾಯಿ ಇದ್ದದ್ದು 2023ರ ಜೂನ್‌ನಲ್ಲಿ 10,000ಕ್ಕೆ, 2024ರ ಏಪ್ರಿಲ್‌ನಲ್ಲಿ 5,000ಕ್ಕೆ, 2025ರ ಏಪ್ರಿಲ್‌ನಿಂದ 2,500ಕ್ಕೆ ಇಳಿಯಿತು. ನಾವು ಮಾರ್ಚಿಯಲ್ಲಿ ಕೊಂಡದ್ದರಿಂದ ಗಾಡಿಯೊಂದಕ್ಕೆ ಇದ್ದ ಮಿತಿಯಂತೆ 10,000 ಸಿಕ್ಕಿತು. ಒಂದು ತಿಂಗಳು ತಡವಾಗಿದ್ದರೆ ಐದೇ ಸಾವಿರ. ಇತ್ತ ಪೆಟ್ರೋಲ್ ಗಾಡಿಗಳ ಮೇಲಿನ ಜಿ.ಎಸ್.ಟಿ. 350 ಸಿ.ಸಿ.ವರೆಗೆ ಶೇಕಡಾ 28 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಬಂದಿದೆ. ವಿದ್ಯುತ್ ಗಾಡಿಗೆ ಮೊದಲಿನಿಂದಿದ್ದ ಶೇಕಡಾ 5 ಹಾಗೆಯೇ ಇದೆ. ಅಂದರೆ ಎರಡರ ಬೆಲೆಯ ಅಂತರ ಹಿಂದಿಗಿಂತ ಹೆಚ್ಚಾಯಿತು. ಆ ಅಂತರ ಅರವತ್ತರಿಂದ ಎಪ್ಪತ್ತು ಸಾವಿರವಾದರೆ, ನಮ್ಮಷ್ಟು ಓಡಿಸುವವರಿಗೆ ಮೂರೂವರೆ ವರ್ಷದಲ್ಲಿ ತೀರುತ್ತದೆ. ದಿನಕ್ಕೆ ಹತ್ತು ಕಿಲೋಮೀಟರು ಓಡಿಸುವವರಿಗೆ ತೀರುವುದೇ ಇಲ್ಲವೆನ್ನಬಹುದು. ಅಂಥವರಿಗೆ ಇದು ಶೋಕಿಯ ವಸ್ತು.

ಈಗ, ಬರೆಯಲೋ ಬೇಡವೋ ಎಂದು ನಾವು ಹಿಂದುಮುಂದು ನೋಡಿದ ಪ್ರಸಂಗ. ಜುಲೈ ತಿಂಗಳಲ್ಲಿ ಗಾಳಿಮಳೆಗೆ ಮರಗಳು ಲೈನಿನ ಮೇಲೆ ಬಿದ್ದು ಮೂರು ದಿನ ಕರೆಂಟು ಹೋಯಿತು. ಲೈನಿನ ಹುಡುಗರು ಆ ಮಳೆಯಲ್ಲೇ ಕಂಬ ಹತ್ತುತ್ತಿದ್ದರು, ಅವರನ್ನು ದೂರುವಂತಿಲ್ಲ. ಸೋಮವಾರ ಕಚೇರಿಯಲ್ಲಿ ಚಾರ್ಜಾಗದೆ ಮನೆಗೆ ಬರುವಾಗ ಶೇಕಡಾ 40 ಉಳಿದಿತ್ತು. ನಾಳೆ ಬರಬಹುದೆಂಬ ನಂಬಿಕೆಯಲ್ಲಿ ಮಂಗಳವಾರ ಮತ್ತೆ ಇಳಿದೆವು. ಬರಲಿಲ್ಲ. ಸಂಜೆ 24ರಲ್ಲಿ ಹೊರಟು, ಎದುರು ಗಾಳಿಯ ಮಳೆಯಲ್ಲಿ, ಮನೆ ಇನ್ನು ಒಂದೂವರೆ ಕಿಲೋಮೀಟರು ಇರುವಾಗ ಮಣ್ಣು ರಸ್ತೆಯ ಬುಡದಲ್ಲಿ ಗಾಡಿ ನಿಂತೇಹೋಯಿತು. ನೂರಹತ್ತು ಕಿಲೋ ಗಾಡಿಯನ್ನು ಆ ಏರಿನಲ್ಲಿ ತಳ್ಳುವುದು ಐವತ್ತು ದಾಟಿದವರ ಕೆಲಸವಲ್ಲ. ಆಳು ಹುಡುಗನೊಬ್ಬ ಬಂದು ಕೈ ಕೊಟ್ಟದ್ದರಿಂದ ಮನೆ ಮುಟ್ಟಿದೆವು.

ಬುಧವಾರ ಬೆಳಗಾಗುವಾಗ ಮಳೆ ಹೊಳವಾಗಿ ಬಿಸಿಲು ಬಂತು. ಕೊಳೆರೋಗದ ಕಾಲದಲ್ಲಿ ಇಂಥ ಒಂದು ದಿನಕ್ಕೆ ಎಷ್ಟು ಬೆಲೆಯೆಂದು ಅಡಿಕೆ ಬೆಳೆಗಾರರಿಗೆ ನಾವು ಹೇಳಬೇಕಾಗಿಲ್ಲ. ಎರಡನೆಯ ಸಲದ ಬೋರ್ಡೋ ಸಿಂಪಡಣೆಗೆ ಮೈಲುತುತ್ತು ಸಂಘದ ಗೋದಾಮಿನಲ್ಲಿತ್ತು. ಗೋದಾಮಿನ ಬೀಗದ ಕೈ ನಮ್ಮ ಜೇಬಿನಲ್ಲಿತ್ತು. ನಮ್ಮ ಗಾಡಿಯಲ್ಲಿ ಏನೂ ಇರಲಿಲ್ಲ. ಫೋನಿಗೂ ಸಿಗ್ನಲ್ ಇರಲಿಲ್ಲ, ಟವರಿಗೆ ಕರೆಂಟಿಲ್ಲದ ಮೇಲೆ ಎಲ್ಲಿಂದ? ನಡೆದು ಡಾಂಬರು ರಸ್ತೆಗೆ ಬಂದು, ಪಕ್ಕದ ತೋಟದವರ ಪಿಕಪ್ಪಿನಲ್ಲಿ ಕಚೇರಿ ಮುಟ್ಟುವಾಗ ಹನ್ನೊಂದು ಗಂಟೆ. ಜಗಲಿಯಲ್ಲಿ ಹದಿನಾಲ್ಕು ಮಂದಿ ಏಳೂವರೆಯಿಂದ ಕಾದಿದ್ದರು. ಒಬ್ಬರಿಗೆ ಗೊತ್ತುಮಾಡಿದ್ದ ಕೊನೆಗಾರರು ಕಾದು ಬೇರೆ ತೋಟಕ್ಕೆ ಹೋಗಿಬಿಟ್ಟಿದ್ದರು. ಮಧ್ಯಾಹ್ನ ಮೂರಕ್ಕೆ ಮಳೆ ಮತ್ತೆ ಹಿಡಿಯಿತು. ಆಮೇಲೆ ಎಂಟು ದಿನ ಬಿಡಲಿಲ್ಲ. ಅವರ ತೋಟದಲ್ಲಿ ಕೊಳೆ ಬಿದ್ದು ಮರದ ಬುಡದಲ್ಲಿ ಎಳೆಯ ಅಡಿಕೆ ಹಾಸಿದ್ದನ್ನು ನಾವೇ ಹೋಗಿ ನೋಡಿ ಬಂದೆವು. ಅವರು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ, ಕಾಫಿ ಕೊಟ್ಟರು. ಅಂದಿದ್ದರೆ ವಾಸಿಯಿತ್ತು.

ಪೆಟ್ರೋಲ್ ಗಾಡಿಯಾಗಿದ್ದರೆ ಒಂದು ಬಾಟಲಿಯಲ್ಲಿ ಯಾರಿಂದಲಾದರೂ ಅರ್ಧ ಲೀಟರು ಕಡ ತಂದು ಹೋಗಬಹುದಿತ್ತು. ಕರೆಂಟನ್ನು ಬಾಟಲಿಯಲ್ಲಿ ತರುವಂತಿಲ್ಲ. ಮನೆಯ ಇನ್ವರ್ಟರಿನಿಂದ ಆಗದೇ ಎಂದು ಕೇಳುವವರಿದ್ದಾರೆ: 150 ಆಂಪಿಯರ್-ಗಂಟೆಯ ಹನ್ನೆರಡು ವೋಲ್ಟಿನ ಬ್ಯಾಟರಿಯಲ್ಲಿ ಇರುವುದೇ 1.8 ಯೂನಿಟ್ಟು, ಅದನ್ನೆಲ್ಲ ಗಾಡಿಗೆ ಹಿಂಡಿದರೆ ಮನೆಗೆ ಕತ್ತಲೆ, ಇನ್ವರ್ಟರ್ ಬ್ಯಾಟರಿಗೂ ಆಯುಷ್ಯ ಕಡಿಮೆ. ಆ ಗುರುವಾರ ನಾವು ಪೆಟ್ರೋಲ್ ಜನರೇಟರು ಓಡಿಸಿ ವಿದ್ಯುತ್ ಗಾಡಿಗೆ ಚಾರ್ಜು ಮಾಡಿದೆವು. ನೋಡಿದವರು ನಕ್ಕರು, ನಗಲಿ. ಈಗ ಗೋದಾಮಿನ ಎರಡನೆಯ ಬೀಗದ ಕೈ ಗುಮಾಸ್ತರ ಬಳಿ ಇದೆ. ಇದನ್ನು ಮೊದಲೇ ಮಾಡಬೇಕಾಗಿತ್ತು, ಅದು ಗಾಡಿಯ ತಪ್ಪಲ್ಲ. ಜೂನ್‌ನಿಂದ ಸೆಪ್ಟೆಂಬರಿನ ತನಕ ಬ್ಯಾಟರಿ ಅರವತ್ತಕ್ಕಿಂತ ಕೆಳಗೆ ಇಳಿಯಲು ಬಿಡುವುದಿಲ್ಲವೆಂದೂ, ಅರವತ್ತಾದ ಮೇಲೆ ಕರೆಂಟಿಲ್ಲದಿದ್ದರೆ ಅದನ್ನು ಮನೆಯಲ್ಲೇ ನಿಲ್ಲಿಸುವುದೆಂದೂ ಕಟ್ಟು ಮಾಡಿಕೊಂಡಿದ್ದೇವೆ. ಮಾರಬೇಕೆಂದಿದ್ದ ಹಳೆಯ ಗಾಡಿಯನ್ನು ರಿಪೇರಿ ಮಾಡಿಸಿ ಇಟ್ಟುಕೊಂಡೆವು.

ಚಾರ್ಜು ಮಾಡುವ ಜಾಗದ ಬಗ್ಗೆ ಒಂದು ಮಾತು. 2022ರ ಬೇಸಿಗೆಯಲ್ಲಿ ದೇಶದ ಹಲವು ಕಡೆ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಹತ್ತಿದ್ದನ್ನು ಪತ್ರಿಕೆಗಳಲ್ಲಿ ಓದಿರುತ್ತೀರಿ. ಅದೇ ವರ್ಷದ ಡಿಸೆಂಬರಿನಿಂದ ಬ್ಯಾಟರಿ ಪರೀಕ್ಷೆಯ ನಿಯಮಗಳನ್ನು ಬಿಗಿ ಮಾಡಲಾಗಿದೆ. ಕೊಳ್ಳುವವರು ಅದಕ್ಕಿಂತ ಹಿಂದಿನ ಗಾಡಿಯನ್ನು ಅಗ್ಗಕ್ಕೆ ಸಿಕ್ಕಿತೆಂದು ತರಬಾರದು. ಹೊಸದಾದರೂ ಗೋಣಿಚೀಲ, ಅಡಿಕೆ ಸಿಪ್ಪೆ, ಕಾಫಿ ಮೂಟೆಗಳಿರುವ ಮನೆಯೊಳಗೆ ಚಾರ್ಜಿಗೆ ಹಾಕತಕ್ಕದ್ದಲ್ಲ. ಗಾಳಿಯಾಡುವ ಜಗಲಿಯೇ ಲೇಸು. ಓಡಿಸಿ ಬಂದ ಕೂಡಲೇ ಸಿಕ್ಕಿಸದೆ ಅರ್ಧ ಗಂಟೆ ಆರಲು ಬಿಡಬೇಕು. ಹದಿನಾರು ಆಂಪಿಯರಿನ ಮೂರು ಪಿನ್ನಿನ ಸಾಕೆಟ್ಟು, ಸರಿಯಾದ ಅರ್ಥಿಂಗು ಬೇಕೇಬೇಕು. ನಮ್ಮ ಅನೇಕ ಮನೆಗಳಲ್ಲಿ ಅರ್ಥಿಂಗ್ ತಂತಿ ಗೋಡೆಯ ಸುಣ್ಣದೊಳಗೇ ಮುಗಿದುಹೋಗಿರುತ್ತದೆ. ಗುಡುಗು ಕೇಳಿದ ಕೂಡಲೇ ಪಿನ್ನು ಕಿತ್ತಿಡಿ. ಸಂಜೆ ಹೊತ್ತು ವೋಲ್ಟೇಜು ಕುಸಿಯುವ ಲೈನಿನಲ್ಲಿ ಚಾರ್ಜರು ತಾನೇ ನಿಂತುಬಿಡುತ್ತದೆ, ಬೆಳಗಿನ ಜಾವ ಎದ್ದು ಹಾಕುವುದೇ ಅದಕ್ಕೆ ದಾರಿ. ಇಲಿಗಳಿಗೆ ಈ ಗಾಡಿಯ ತಂತಿಯ ರುಚಿ ಬಹಳ ಹಿಡಿಸಿದೆ. ಆಗಸ್ಟಿನಲ್ಲಿ ಒಂದು ರಾತ್ರಿಗೆ ನಮಗೆ 2,300 ರೂಪಾಯಿ ಖರ್ಚು ತಂದವು.

ರಿಪೇರಿಯ ಕಷ್ಟ ಸಣ್ಣದಲ್ಲ. ಟೈರು, ಬ್ರೇಕು, ಚೈನು ನಮ್ಮ ಪೇಟೆಯ ಮೆಕ್ಯಾನಿಕ್ಕೇ ನೋಡುತ್ತಾನೆ. ಮೊದಲ ದಿನ ಗಾಡಿಯ ಸುತ್ತ ಎರಡು ಸುತ್ತು ಹಾಕಿ, "ಸಾರ್, ಇದಕ್ಕೆ ಆಯಿಲ್ ಎಲ್ಲಿ ಹಾಕೋದು?" ಎಂದ. ಎಲ್ಲಿಯೂ ಇಲ್ಲವೆಂದೆವು. "ಹಂಗಾದ್ರೆ ನಾವು ಬದುಕೋದೆಲ್ಲಿ?" ಎಂದು ನಕ್ಕ. ನಗೆಯೊಳಗೆ ನಿಜವೂ ಇತ್ತು. ಮೋಟಾರಿಗೆ ಕರೆಂಟನ್ನು ಅಳೆದು ಬಿಡುವ ಪೆಟ್ಟಿಗೆ ಕೆಟ್ಟರೆ ಜಿಲ್ಲಾ ಕೇಂದ್ರಕ್ಕೆ ಸಾಗಿಸಬೇಕು. ನಮ್ಮದು ಅಕ್ಟೋಬರಿನಲ್ಲಿ ಹನ್ನೊಂದು ದಿನ ಅಲ್ಲಿಯೇ ಕೂತಿತ್ತು. ಫೋನಿನಿಂದಲೇ ಬೀಗ ತೆಗೆಯುವ ಮಾದರಿಗಳೂ ಬಂದಿವೆ. ಸಿಗ್ನಲ್ಲಿಲ್ಲದ ಕಣಿವೆಯಲ್ಲಿ ವಾಸಿಸುವವರು ಕಬ್ಬಿಣದ ಕೀಲಿಕೈ ಇರುವುದನ್ನೇ ಕೇಳಿ ತೆಗೆದುಕೊಳ್ಳಿ.

ಸದ್ದಿಲ್ಲದಿರುವುದನ್ನು ಎಲ್ಲರೂ ಹೊಗಳುತ್ತಾರೆ. ನಮಗೂ ಅದು ಹಿಡಿಸಿದ್ದೇ. ಕಾಫಿ ಹೂವಿನ ಕಾಲದಲ್ಲಿ ಬೆಳಿಗ್ಗೆ ಜೇನಿನ ಸದ್ದು ಕೇಳುತ್ತ ಗಾಡಿ ಓಡಿಸಿದ್ದು ಬದುಕಿನಲ್ಲಿ ಅದೇ ಮೊದಲು. ಆದರೆ ನಮ್ಮ ರಸ್ತೆಗಳಲ್ಲಿ ಇಂಜಿನ್ನಿನ ಸದ್ದೇ ಒಂದು ಬೇಲಿಯಾಗಿತ್ತೆಂದು ಈಗ ತಿಳಿಯುತ್ತಿದೆ. ಮಂಜಿನಲ್ಲಿ ಸೌದೆ ಹೊರೆ ಹೊತ್ತು ರಸ್ತೆಯ ನಡುವೆ ಹೋಗುತ್ತಿದ್ದ ನಮ್ಮ ತೋಟದ ಹಳೆಯ ಆಳು, ನಾವು ತೀರ ಹತ್ತಿರ ಬರುವ ತನಕ ತಿರುಗಲಿಲ್ಲ. ಹೊರೆ ಚೆಲ್ಲಿ ಪಕ್ಕಕ್ಕೆ ಹಾರಿ, "ಅಯ್ಯಾ, ದೆವ್ವದ ಹಂಗೆ ಬರ್ತೀರಲ್ಲಾ, ಹಾರನ್ನಾದ್ರೂ ಹೊಡೀಬಾರ್ದಾ?" ಎಂದಳು. ಅವಳು ಬೈದದ್ದು ಸರಿ. ನವೆಂಬರಿನ ಒಂದು ಮುಸ್ಸಂಜೆ ತಿರುವು ದಾಟಿದರೆ ಇಪ್ಪತ್ತು ಮಾರು ಮುಂದೆ ರಸ್ತೆಗೆ ಅಡ್ಡ ಕಾಟಿ ನಿಂತಿತ್ತು. ಅದಕ್ಕೂ ನಮ್ಮ ಸುಳಿವಿಲ್ಲ, ನಮಗೂ ಅದರದ್ದಿಲ್ಲ. ದೀಪ ಆರಿಸಿ ಹಾಗೆಯೇ ನಿಂತೆವು. ಅದು ತನ್ನ ಹೊತ್ತಿಗೆ ತಾನು ಮೇಲೇರಿ ಹೋಯಿತು. ಬಾಳೆಹೊನ್ನೂರು, ನರಸಿಂಹರಾಜಪುರದ ಕಡೆಯ ಸದಸ್ಯರಿಗೆ ಆನೆಯ ಭಯ ಬೇರೆ ಇದೆ. ಕತ್ತಲಾದ ಮೇಲೆ ಆ ದಾರಿಗಳಲ್ಲಿ ಈ ಗಾಡಿ ಬೇಡವೆಂದೇ ನಮ್ಮ ಅಭಿಪ್ರಾಯ. ಹಗಲಲ್ಲಾದರೂ ಪ್ರತಿ ತಿರುವಿನಲ್ಲಿ ಹಾರನ್ನು ಹೊಡೆಯಿರಿ, ನಾಚಿಕೆ ಬೇಡ.

ಸಾಲದ ಬಗ್ಗೆ ನಾವು ಮಂಡಳಿಗೆ ಕೊಟ್ಟಿರುವ ಟಿಪ್ಪಣಿ ಇಷ್ಟೇ. ದಿನಕ್ಕೆ ಇಪ್ಪತ್ತೈದು ಕಿಲೋಮೀಟರಿಗೆ ಮೇಲೆ, ಎಪ್ಪತ್ತಕ್ಕೆ ಒಳಗೆ, ಗೊತ್ತಾದ ದಾರಿಯಲ್ಲಿ ಓಡಾಡುವವರಿಗೆ ಕೊಡಬಹುದು. ಮನೆಯಲ್ಲಿ ಮತ್ತೊಂದು ವಾಹನ ಇಲ್ಲದವರಿಗೆ, ಒಂದು ಮಳೆಗಾಲ ಕಳೆಯುವ ತನಕ, ಬೇಡವೆಂದು ಹೇಳುವುದೇ ಅವರಿಗೆ ಮಾಡುವ ಉಪಕಾರ. ಸಾಲದ ಅವಧಿ ಬ್ಯಾಟರಿಯ ವಾರಂಟಿಗಿಂತ ಒಂದು ವರ್ಷವಾದರೂ ಕಡಿಮೆ ಇರಬೇಕು. ಅರ್ಥಿಂಗ್ ಪರೀಕ್ಷೆ ಮಾಡಿಸಿದ ಚೀಟಿ ಅರ್ಜಿಯ ಜೊತೆಗಿರಬೇಕು. ಆರು ಅರ್ಜಿಗಳಲ್ಲಿ ಈ ಲೆಕ್ಕಕ್ಕೆ ಮೂರು ಹೊಂದುತ್ತವೆ. ಉಳಿದ ಮೂವರು ನಮ್ಮ ಮೇಲೆ ಮುನಿಸಿಕೊಳ್ಳದೆ ಒಮ್ಮೆ ಕಚೇರಿಗೆ ಬಂದು ತಮ್ಮ ದಾರಿಯ ಏರಿಳಿತ ಹೇಳಿದರೆ ಜೊತೆಯಲ್ಲೇ ಕೂತು ಲೆಕ್ಕ ಹಾಕೋಣ.

ಓಡಿಸಿ ನೋಡಬೇಕೆನ್ನುವವರು ಶನಿವಾರ ಮಧ್ಯಾಹ್ನ ಎರಡರ ಮೇಲೆ ಬರಬಹುದು. ಆ ಹೊತ್ತಿಗೆ ಬ್ಯಾಟರಿ ತುಂಬಿರುತ್ತದೆ, ಕರೆಂಟು ಇದ್ದರೆ. ಲೈಸೆನ್ಸೂ ಹೆಲ್ಮೆಟ್ಟೂ ತಮ್ಮದೇ ತರಬೇಕು. ನಮ್ಮ ಹೆಲ್ಮೆಟ್ಟು ಇನ್ನೊಬ್ಬರ ತಲೆಗೆ ಹಿಡಿಸುವುದಿಲ್ಲ.